ಕೊಕ್ಕೊಕ್ಕೋ ತಾತ

ಸೂಪಿನ ಪಾತ್ರೆಯ ಮುಚ್ಚಳದ ಹಿಂದಿನಿಂದ ಸೌಟಪ್ಪ ಮೆಲ್ಲಗೆ ಒಂದು ಕಣ್ಣು ಹೊರಹಾಕಿದ. ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಮಗು ಉಸಿರು ಬಿಗಿಹಿಡಿದು ಕಾಯುತ್ತಿತ್ತು.

"ಕೂ... ಕ್!"

ಮಗು ಕೇಕೆ ಹಾಕಿ ನಕ್ಕಿತು. ಸೌಟಪ್ಪ ಕೆಂಪು ಪ್ಲಾಸ್ಟಿಕ್ ಜರಡಿಯನ್ನು ತಲೆಗೆ ಬೋರಲು ಹಾಕಿಕೊಂಡು, ರೆಕ್ಕೆ ಬಡಿದು, "ಕೊಕ್ಕೊಕ್ಕೋ!" ಎಂದು ಕೂಗಿದ. ಚಹಾ ಕೇಳಲು ಬಂದಿದ್ದ ಹಡಗಿನ ಇಂಜಿನಿಯರು ಬಾಗಿಲಲ್ಲೇ ಒಮ್ಮೆ ನೋಡಿ, ಸದ್ದಿಲ್ಲದೆ ಹಿಂದಿರುಗಿದ.

ಸೌಟಪ್ಪ ಎನ್ನುವುದು ಆ ಸರಕು ಹಡಗಿನವರು ತಮ್ಮ ಅಡುಗೆಯವನಿಗೆ ಇಟ್ಟ ಅಡ್ಡಹೆಸರು. ಅಡುಗೆ ಸುಮಾರು, ಸಿಟ್ಟು ಮೂಗಿನ ತುದಿಯಲ್ಲೇ. ಅಂಥವನು ಊಟದ ಪಾತ್ರೆ ತೊಳೆಯುವ ಮೊದಲೇ ಮೀಸೆ ತೀಡಿಕೊಂಡು ಹುಂಜನಾಗುತ್ತಿದ್ದುದು ಮೊಮ್ಮಗನಿಗಾಗಿ. ಹುಟ್ಟಿದಾಗಿನಿಂದ ಅವನನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಮಗಳು ಬಸ್ ಓಡಿಸುವವಳು. ಅವಳು ಡ್ಯೂಟಿಯಲ್ಲಿರುವಷ್ಟು ಹೊತ್ತು ಮೊಮ್ಮಗ ಶಿಶುವಿಹಾರದಲ್ಲಿ. ಸೌಟಪ್ಪನಿಗೆ ಬಿಡುವು ಸಿಗುವುದೂ ಆಗಲೇ, ಮಧ್ಯಾಹ್ನದ ಊಟ ಮುಗಿದ ಮೇಲೆ. ಅಲ್ಲಿನ ಆಯಾ ತನ್ನ ಫೋನಿನಲ್ಲಿ ಮಗುವನ್ನು ತೋರಿಸುತ್ತಿದ್ದಳು.

ಮೊದಲ ದಿನ ದೊಡ್ಡ ರಂಪವಾಗಿತ್ತು. ನಿದ್ದೆಗಣ್ಣಿನಲ್ಲಿದ್ದ ಮೊಮ್ಮಗ ತಾತನ ಮುಖ ಕಂಡದ್ದೇ ತಡ, ಸೂರು ಕಿತ್ತುಹೋಗುವಂತೆ ಅತ್ತ. ಸೌಟಪ್ಪನ ಮುಖ ಹುಳ್ಳಗಾಯಿತು. ಅದನ್ನು ನೋಡಿ ಆಯಾಳ ಕರುಳು ಚುರುಕ್ಕೆಂದಿತು.

"ಬೇಜಾರು ಮಾಡ್ಕೋಬೇಡಿ ಅಣ್ಣಾ. ಆ ದಪ್ಪ ಕನ್ನಡಕ ನೋಡಿ ಹೆದರಿರ್ಬೇಕು. ನಾಳೆ ಅದನ್ನ ತೆಗೆದಿಟ್ಟು ಫೋನ್ ಮಾಡಿ. ಉಳಿದದ್ದು ನಾನು ನೋಡ್ಕೋತೀನಿ."

ಮರುದಿನ ಕನ್ನಡಕ ತೆಗೆದ. ಫೋನಿನಲ್ಲಿ ಒಂದು ಗುಂಡಗಿನ ಮಸುಕು ತಲೆ ಬಿಟ್ಟರೆ ಇನ್ನೇನೂ ಕಾಣಲಿಲ್ಲ. ಆದರೆ ಆ ತಲೆ ನಕ್ಕಿತು. ಸೌಟಪ್ಪನ ಕಣ್ಣು ತುಂಬಿ ಬಂದು, ಕಾಣುತ್ತಿದ್ದ ಮಸುಕೂ ಕಾಣದಾಯಿತು. ಅಂದಿನಿಂದ ಕನ್ನಡಕ ಜೇಬಿಗೆ, ಜರಡಿ ತಲೆಗೆ.

"ನಿಮಗೆ ಯಾವ ಮಗುವಾದ್ರೂ ಒಲಿಯುತ್ತೆ ಬಿಡಿ ಅಣ್ಣಾ," ಎಂದಳು ಆಯಾ. ಸೌಟಪ್ಪ ಉಬ್ಬಿಹೋದ.

ಮಗಳಿಗೆ ಮಾತ್ರ ನಂಬಿಕೆ ಬರಲಿಲ್ಲ.

"ಇವತ್ತು ಬಾಳೆಹಣ್ಣು ತಿಂದು ತೋರಿಸ್ತು ಕಣೇ. ಫೋನಿಗೇ ತುರುಕಿ ನನಗೂ ತಿನ್ನಿಸೋಕೆ ಬಂತು!"

"ಮನೇಲಿ ಬಾಳೆಹಣ್ಣು ಬಾಯಿಗಿಟ್ರೆ ಉಗೀತಾನಲ್ಲಪ್ಪಾ."

"ತಿನ್ನಿಸೋರು ತಿನ್ನಿಸ್ಬೇಕು."

"ಮಧ್ಯಾಹ್ನದ ಹೊತ್ತು ಅವನು ಎದ್ದಿರೋದೇ ಅಪರೂಪ. ಕಿವಿ ಹತ್ರ ಡೋಲು ಬಡಿದ್ರೂ ಏಳಲ್ಲ."

"ತಾತನಿಗೋಸ್ಕರ ಏಳ್ತಾನೆ. ನೀನು ಹೊಟ್ಟೆಕಿಚ್ಚು ಪಡ್ಬೇಡ."

ಮಗಳ ರಜೆಯ ದಿನ ಮನೆಗೆ ಫೋನ್ ಮಾಡಿದರೆ ಮೊಮ್ಮಗ ಮಂಚದ ಕೆಳಗೆ ನುಸುಳಿಬಿಡುತ್ತಿದ್ದ. ಅಮ್ಮನ ಎದುರು ನಾಚಿಕೆ, ಪಾಪ, ಎಂದುಕೊಳ್ಳುತ್ತಿದ್ದ ಸೌಟಪ್ಪ.

ಕೊನೆಗೂ ಊರಿಗೆ ಹೋಗಲು ರಜೆ ಸಿಕ್ಕಿತು. ಮಗಳು ಕಡ್ಡಿ ಮುರಿದಂತೆ ಹೇಳಿದಳು: "ಹೊಸಬರನ್ನ ಕಂಡ್ರೆ ಜ್ವರ ಬರೋ ಹಾಗೆ ಅಳ್ತಾನಪ್ಪಾ. ಅಳದೆ ನಿನ್ನ ಹತ್ರ ಬಂದ್ರೆ ರಜೆ ಪೂರ್ತಿ ನೀನೇ ನೋಡ್ಕೋ. ಅತ್ರೆ ಎಂದಿನ ಹಾಗೆ ಶಿಶುವಿಹಾರಕ್ಕೇ ಬಿಡ್ತೀನಿ. ನೀನು ಸಂಜೆ ದೂರದಿಂದ ನೋಡ್ಕೊಂಡಿರು."

ಅಷ್ಟು ದೂರದಿಂದ ಬಂದು ಮತ್ತೆ ದೂರದಿಂದಲೇ ನೋಡುವುದೆಂದರೇನು? ಸೌಟಪ್ಪ ಬಂದರಿನಿಂದ ಊರಿನವರೆಗೂ ರೈಲಿನಲ್ಲಿ ಹುಂಜನ ಕೂಗನ್ನು ಅಭ್ಯಾಸ ಮಾಡಿದ. ಎದುರಿಗೆ ಕುಳಿತಿದ್ದವರು ಸೀಟು ಬದಲಿಸಿದರು.

ರೈಲಿಳಿದವನು ನೇರವಾಗಿ ಶಿಶುವಿಹಾರಕ್ಕೇ ಬಂದ. ಮಗಳು ಡ್ಯೂಟಿಯ ಸಮವಸ್ತ್ರದಲ್ಲೇ ಗೇಟಿನ ಬಳಿ ಕಾಯುತ್ತಿದ್ದಳು. "ನೀನು ಇಲ್ಲೇ ಇರು, ಕರ್ಕೊಂಡ್ ಬರ್ತೀನಿ. ಒಮ್ಮೆಗೇ ಮೇಲೆ ಬೀಳ್ಬೇಡ," ಎಂದು ಮಲಗುವ ಕೋಣೆಯ ಕಡೆ ನಡೆದಳು.

ಪುಟ್ಟ ಪುಟ್ಟ ಚಪ್ಪಲಿಗಳ ಸಾಲಿನ ಪಕ್ಕ ಸೌಟಪ್ಪ ನಿಂತ. ಕಾಲು ನಿಂತಲ್ಲಿ ನಿಲ್ಲದು. ಅಷ್ಟರಲ್ಲಿ ಆಯಾ ಒದ್ದೆ ಕೈಯಲ್ಲೇ ಓಡಿಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಣ್ಣಾ, ಬರ್ತೀನಿ ಅಂತ ಮೊದಲೇ ಒಂದು ಮಾತು ಹೇಳ್ಬಾರ್ದಿತ್ತಾ? ನಿಮ್ಮ ಹತ್ರ ಒಂದು ವಿಷಯ..."

"ಆಮೇಲೆ ತಂಗಿ, ಆಮೇಲೆ!"

ಮಗು ಹೆದರಬಾರದೆಂದು ಕನ್ನಡಕ ತೆಗೆದು ಜೇಬಿಗಿಟ್ಟ. ಚೀಲದಿಂದ ಜರಡಿ ತೆಗೆದು ತಲೆಗೇರಿಸಿದ. ಎದೆ ತುಂಬ ಉಸಿರೆಳೆದುಕೊಂಡ.

"ಕೊಕ್ಕೊಕ್ಕೋ!"

ಆಟದ ಕೋಣೆಯ ಗಲಾಟೆ ಗಕ್ಕನೆ ನಿಂತಿತು. ಮರುಕ್ಷಣವೇ ಒಂದು ಪುಟ್ಟ ಆಕಾರ "ತಾತಾ!" ಎನ್ನುತ್ತಾ ಓಡಿಬಂದು ಅವನ ಮೊಣಕಾಲನ್ನು ತಬ್ಬಿಕೊಂಡಿತು. ಸೌಟಪ್ಪ ಎತ್ತಿಕೊಂಡ. ಮಗು ಎರಡೂ ಕೈಯಲ್ಲಿ ಮೀಸೆ ಹಿಡಿದು ಜಗ್ಗಿತು. ಅಷ್ಟು ಸುಖವಾದ ನೋವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಗಳಗಳನೆ ಅತ್ತುಬಿಟ್ಟ. ಅಳದೆ ಇದ್ದದ್ದು ಮಗು.

ಹೊರಬಾಗಿಲಲ್ಲಿ ಯಾರೋ ಹೆಂಗಸೊಬ್ಬಳು ಬಂದು ನಿಂತಂತೆ ಮಸುಕಾಗಿ ಕಂಡಿತು. ಸಂತೋಷ ಹಂಚಿಕೊಳ್ಳಲು ಯಾರಾದರೇನು?

"ನೋಡಿದ್ರಾ ತಾಯಿ, ಹೇಗೆ ಬಂತು ಅಂತ! ನಾಳೆಯಿಂದ ಈ ಮಗು ಇಲ್ಲಿಗೆ ಬರಲ್ಲ. ನಾನೇ ಕರ್ಕೊಂಡು ಹೋಗ್ತಿದೀನಿ!"

ಆ ಹೆಂಗಸಿನ ಕೈಯಿಂದ ಚೀಲ ಕೆಳಗೆ ಬಿತ್ತು. ಆಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮಲಗುವ ಕೋಣೆಯಿಂದ ಹೊರಬಂದ ಮಗಳು ನಿಂತಲ್ಲೇ ನಿಂತಳು.

"ಅಪ್ಪಾ, ಮೊದಲು ಆ ಹುಡುಗೀನ ಅವಳಮ್ಮನ ಕೈಗೆ ಕೊಡು. ನಮ್ಮೋನು ಇಲ್ಲಿ ನನ್ನ ಹೆಗಲ ಮೇಲೆ ಗೊರಕೆ ಹೊಡೀತಿದಾನೆ."