ಬದಲಿ ಕಪ್ತಾನ

ಮಾಘದ ಎಳೆಬಿಸಿಲು. ಲಚ್ಯಾಣ ಊರಿನ ಸಾವ್ಕಾರ ರಾವಸಾಬನ ಪಡಸಾಲೆಯಲ್ಲಿ ಲಿಂಬಿಯ ರಾಶಿ ಬಿದ್ದಿತ್ತು. ದಪ್ಪನವು ಒಂದು ಕಡೆ, ಸಣ್ಣವು ಒಂದು ಕಡೆ. ಹೆಂಗಸರ ಕೈ ಕಾಯಿ ಆರಿಸುತ್ತಿತ್ತು, ಕಣ್ಣು ಟಿವಿಯ ಮೇಲಿತ್ತು. ಹೊನ್ನವ್ವ ಒಬ್ಬಳೇ ಯಾವಾಗಿನಂತೆ ಟಿವಿಗೆ ಬೆನ್ನು ಮಾಡಿ ಕೂತಿದ್ದಳು.

ರವಿವಾರದ ‘ಶುಕ್ರಯಾನ’ ಶುರುವಾಯಿತು. ಆಕಾಶನೌಕೆಯ ಬಾಗಿಲು ತೆರೆದು ಕಪ್ತಾನ ಹೊರಗೆ ಬಂದ. ಕೈಗಳೆಲ್ಲ ನಿಂತವು.

"ಯಾರವಾ ಇಂವ?" ಜನ್ನತಬಿ ಚೀರಿದಳು. "ನಮ್ಮ ಕಪ್ತಾನ ಎಲ್ಲಿ ಹ್ವಾದ?"

ಅದೇ ನೌಕೆ, ಅದೇ ಬೆಳ್ಳಿಬಣ್ಣದ ಅಂಗಿ. ಮುಖ ಬೇರೆ.

"ಪೇಪರಿನ್ಯಾಗ ಬಂದೈತಿ," ರಾವಸಾಬ ಹಲ್ಲು ಕಡಿದ. "ಹಳಬಗ ಸಿನೆಮಾ ಸಿಕ್ತಂತ, ಬಿಟ್ಟು ಹ್ವಾದ. ಅವನೂ ಬೊಂಬಾಯಿಯಾಂವ, ಇವನೂ ಬೊಂಬಾಯಿಯಾಂವ. ಆದ್ರ ಆ ಗತ್ತು ಎಲ್ಲಿ, ಈ ಬದನಿಕಾಯಿ ಎಲ್ಲಿ!"

ಊರು ಹದಿನೈದು ದಿನ ಕುದಿಯಿತು. ಜನ್ನತಬಿ ಒಂದು ಹೊತ್ತು ಉಣ್ಣಲಿಲ್ಲ. ರಾವಸಾಬ ಟಿವಿಯವರಿಗೆ ಏಳು ಕಾರ್ಡು ಬರೆದ. ಒಂದಕ್ಕೂ ಉತ್ತರ ಬರಲಿಲ್ಲ.

"ಸಾಕು. ಮುಂದಿನ ವಾರದಿಂದ ಈ ಮನಿಯಾಗ ಶುಕ್ರಯಾನ ಬಂದ್!" ಎಂದ ಕಡೆಗೆ.

ಹೊನ್ನವ್ವ ದಡಕ್ಕನೆ ಎದ್ದಳು. "ಸಾವ್ಕಾರ್ರ, ಬಂದ್ ಮಾಡಬ್ಯಾಡ್ರಿ. ಕೈ ಮುಗೀತೇನಿ. ಇವರೆಲ್ಲಾರ ಪಾಲಿನ ಕಾಯೀನೂ ನಾನ ಆರಸ್ತೇನಿ, ಅದೊಂದು ಹಚ್ರಿ."

ಪಡಸಾಲೆ ಬೆರಗಾಯಿತು. ಮೊದಲು ನಕ್ಕವಳು ಜನ್ನತಬಿ.

"ಹೊಸಾಂವ ಮನಸಿಗೆ ಬಂದಾನೇನ ಹೊನ್ನಿ? ಬರಬೇಕ ಬಿಡು. ಗಂಡ ಬಿಟ್ಟು ಹೋಗಿ ಒಂಬತ್ತು ವರ್ಷ ಆತು!"

"ನನಗ ಇಬ್ಬರೂ ಒಂದ," ಎಂದಳು ಹೊನ್ನವ್ವ, ತಲೆ ತಗ್ಗಿಸಿ.

"ಒಂದಿನಾನೂ ತಿರುಗಿ ನೋಡಿದಾಕಿ ಅಲ್ಲ ನೀ. ನಿನಗ್ಯಾಕವಾ ಇಷ್ಟು ಹಟ?" ರಾವಸಾಬ ಕೇಳಿದ. ಅವಳು ಮತ್ತೆ ಕೈ ಮುಗಿದಳು. ಆ ಮುಖ ನೋಡಿ ಅವನಿಗೆ ಬಂದ್ ಮಾಡುವ ಮನಸ್ಸಾಗಲಿಲ್ಲ.

ಮಂದಿಯ ಸಿಟ್ಟು ಎಷ್ಟು ದಿನ? ಯುಗಾದಿ ಹೊತ್ತಿಗೆ ಬದನಿಕಾಯಿಯೇ ಎಲ್ಲರ ಕಪ್ತಾನನಾದ. ಜನ್ನತಬಿ ಅವನ ಫೋಟೋ ಕತ್ತರಿಸಿ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿದಳು.

ಯುಗಾದಿ ಮರುವಾರ. ಕಪ್ತಾನ ಶುಕ್ರಗ್ರಹದ ಕೆಂಪು ಮಣ್ಣಿನ ಮೇಲೆ ನಿಂತು, "ಹೆದರಬೇಡಿ, ನಾನಿದ್ದೇನೆ," ಎಂದ.

ಹೊನ್ನವ್ವನ ಕೈ ನಿಂತಿತು. ಅವಳು ಅಂದೇ ಮೊದಲ ಸಲ ಟಿವಿಯ ಕಡೆ ತಿರುಗಿದಳು. ಉಸಿರು ಹಿಡಿದು ಇನ್ನೆರಡು ಮಾತು ಕೇಳಿದಳು.

"ಇಂವ ಅಂವಲ್ಲ."

ಪಡಸಾಲೆ ಬಿದ್ದು ಬಿದ್ದು ನಕ್ಕಿತು. "ಯವ್ವಾ, ಬದಲಾಗಿ ಎರಡು ತಿಂಗಳಾತು! ನಿನಗ ಈಗ ಗೊತ್ತಾತೇನ?"

ಹೊನ್ನವ್ವ ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿಳಿದಳು.

"ಎಲ್ಲಿಗವಾ? ಇನ್ನಾ ಮುಗಿದಿಲ್ಲ!" ರಾವಸಾಬ ಕೂಗಿದ.

"ನನಗ ಮುಗೀತ್ರಿ."

ಬೊಂಬಾಯಿಯ ಆ ಇಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಹೋದ ರವಿವಾರದ ತನಕ ಇಬ್ಬರ ಮಾತಿಗೂ ಕನ್ನಡದ ದನಿ ಕೊಟ್ಟವನು ಒಬ್ಬನೇ: ದೀಪಾವಳಿಗೆ ಬರುತ್ತೇನೆಂದು ಹೇಳಿ, ನಾಟಕ ಕಂಪನಿ ಕೂಡಿಕೊಂಡು ಊರು ಬಿಟ್ಟ ಹೊನ್ನವ್ವನ ಗಂಡ.