ನೀಲಿಯಾಗುವ ಅಂಗಿ

ದ್ರಾಕ್ಷಾಯಣಿ ಮಗಳು ಪಲ್ಲವಿಗೆ ಶಾಲೆಯ ಬಿಳಿ ಅಂಗಿ ತೊಡಿಸಿ, ಎದುರಿಗೆ ನಿಲ್ಲಿಸಿಕೊಂಡು ಬೈಯಲು ಶುರು ಮಾಡಿದಳು.

"ಉಬ್ಬಲ್ಲಿ. ಇದ್ದಲಿ ಮಾರಿ. ನಿನ್ನ ಜೋಡಿ ಯಾರು ಕುಂದರ್ತಾರ?"

ತರಗತಿಯ ಹುಡುಗಿಯರು ದಿನಾ ಅನ್ನುವ ಮಾತುಗಳೇ ಅವು. ಪಲ್ಲವಿಯ ಕಾಲರಿನಲ್ಲಿ ನೀಲಿ ಒಸರಿತು.

ಮಗುವಿಗೆ ನೋವಾದರೆ, ಹೆದರಿಕೆಯಾದರೆ ಆ ಬಟ್ಟೆ ನೀಲಿಯಾಗುತ್ತದೆ. ಶಾಲೆಯಲ್ಲಿ ಯಾರೂ ಯಾರನ್ನೂ ಕಾಡಬಾರದು ಎಂದೇ ಸರಕಾರ ಕೊಟ್ಟ ಅಂಗಿ. ಆದರೆ ಅಂಗಳದಲ್ಲಿ ನೀಲಿ ಕಂಡರೆ ಶಾಲೆಯ ಹೆಸರು ಕೆಡುತ್ತದಲ್ಲ, ಅದಕ್ಕೆ ನೀಲಿಯಾದ ಮಗುವನ್ನೇ ಮನೆಗೆ ಅಟ್ಟುತ್ತಾರೆ. ಬೈದವರ ಅಂಗಿ ಮಲ್ಲಿಗೆಯಷ್ಟು ಬೆಳ್ಳಗೇ ಇರುತ್ತದೆ. ಹೆಡ್‌ಮಾಸ್ತರರು ಹೋದ ವಾರ ಸ್ಪಷ್ಟವಾಗಿ ಹೇಳಿದ್ದರು: "ಇನ್ನೊಮ್ಮೆ ಆದ್ರ ಟಿ.ಸಿ. ತಗೊಂಡ್ ಹೋಗ್ರಿ."

ಹಾಗಾಗಿ ಓಣಿಯ ತಾಯಂದಿರೆಲ್ಲ ಬೆಳಗ್ಗೆ ಮಕ್ಕಳಿಗೆ ತಲೆ ಬಾಚಿ, ರೂಢಿಯಾಗಲಿ ಎಂದು ಬೈದು, ಆಮೇಲೆ ಬಸ್ಸು ಹತ್ತಿಸುತ್ತಾರೆ.

ಕಾಲರಿನ ನೀಲಿ ಮಾಯುವವರೆಗೆ ಕಾದು ತಾಯಿ ಕೇಳಿದಳು, "ಮತ್ತ ಅನ್ಲೇನು?"

"ಅನ್ನು ಯವ್ವಾ."

ದ್ರಾಕ್ಷಾಯಣಿ ಅಂದಳು. ಈ ಸಲ ಅಂಗಿ ಬೆಳ್ಳಗೇ ಉಳಿಯಿತು. ಜಡೆ ಹಿಡಿದು ಜಗ್ಗಿದಳು. ಆಗಲೂ ಬೆಳ್ಳಗಿತ್ತು. ಪಲ್ಲವಿ ಗೋಡೆಯನ್ನು ನೋಡುತ್ತ, ಗೋಡೆಯಂತೆಯೇ ನಿಂತಿದ್ದಳು.

"ಕಲ್ತಿ ನೋಡು, ನನ್ನ ಬಂಗಾರ," ಎಂದು ತಾಯಿ ಅವಳನ್ನು ಬರಸೆಳೆದು ಅಪ್ಪಿಕೊಂಡಳು.

ಅಂಗಿ ಕಾಲರಿನಿಂದ ಅಂಚಿನವರೆಗೆ ನೀಲಿಯಾಯಿತು.

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಪಲ್ಲವಿ ತಾಯಿಯ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅಪ್ಕೋಬ್ಯಾಡ ಯವ್ವಾ. ಲಗೂನ ಬೈದುಬಿಡು."