ಅಂಚಿನ ಟೀಕೆ

ಹುಡುಗರು ಪಾದ್ರಿಗಳಾಗಲು ಓದುವ ಗುಡ್ಡದ ಮೇಲಿನ ಸೆಮಿನರಿಯಲ್ಲಿದ್ದ ಲ್ಯಾಟಿನ್ ವ್ಯಾಕರಣದ ಹಳೆಯ ಹಸ್ತಪ್ರತಿಗೆ ಸತ್ತ ಗುರುಗಳೇ ಟೀಕೆ ಬರೆಯುತ್ತಿದ್ದರು. ಹುಡುಗರು ಬೆಳಿಗ್ಗೆ ಅದರೊಳಗೆ ಪ್ರಶ್ನೆಯ ಚೀಟಿ ಇಟ್ಟರೆ ಊಟದ ಗಂಟೆಯೊಳಗೆ ಚರ್ಮದ ಹಾಳೆಯ ಅಂಚಿನಲ್ಲಿ ಉತ್ತರ ಮೂಡುತ್ತಿತ್ತು. ಅಪರೂಪಕ್ಕೊಮ್ಮೆ, ಅಂದೇ ಸಾಯಲಿರುವವರ ಅಕ್ಷರವೂ ಅವಸರಪಟ್ಟು ಮುಂಚೆಯೇ ಬಂದುಬಿಡುತ್ತಿತ್ತು.

ಇಂದು ಪುಟ ತೆರೆದ ಸಿಸ್ಟರ್ ಅಪೊಲಿನಾ ಅಂಚಿನ ಅಕ್ಷರದ ಗುರುತು ಹಿಡಿದಳು. ಬಲಕ್ಕೆ ವಾಲಿದ ಆ ಮೊಂಡು ಅಕ್ಷರ ಆಕೆಗೆ ಲ್ಯಾಟಿನ್ ಕಲಿಸಿದ ಫಾದರ್ ಸಿಲ್ವೆಸ್ತರರದು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವರದೇ ಊರುಗೋಲಿನ ಸದ್ದು ಕೇಳಿಸಿತು. ಆಕೆ ಅಂಗೈಯಿಂದ ಅಂಚನ್ನು ಮುಚ್ಚಿದಳು. ಶಾಯಿ ಇನ್ನೂ ಹಸಿಯಾಗಿತ್ತು.

"ಇವತ್ತು ಯಾರು ಬರ್ದದ್ದು ಸಿಸ್ಟರ್?"

"ಯಾರೂ ಬರೀಲಿಲ್ಲ ಫಾದರ್."

"ಪಾಪ, ಹುಡುಗರು ಕಾಯ್ತಾ ಇದ್ದಾರಲ್ಲ," ಎನ್ನುತ್ತ ಫಾದರ್ ಏದುಸಿರು ಬಿಟ್ಟು ಕುರ್ಚಿಯಲ್ಲಿ ಕುಳಿತರು. "ಕೊಡಿ, ನಾನೇ ಬರೀತೇನೆ."